ಓವರ್‌ಡೋಸ್ ತಡೆ ಕೇಂದ್ರಕ್ಕೆ ಸಂಘಟನೆಗಳ ಬೆಂಬಲ ಕೂಡಿಸುವ ಬಗೆ: ನಮ್ಮ ಅನುಭವ

2016ರ ಸೆಪ್ಟೆಂಬರ್‌ನಲ್ಲಿ ವ್ಯಾಂಕೂವರ್‌ನ ಡೌನ್‌ಟೌನ್ ಈಸ್ಟ್‌ಸೈಡ್‌ನಲ್ಲಿ ಸ್ವಯಂಸೇವಕರು ಅನುಮತಿಗೆ ಕಾಯದೆ ಓವರ್‌ಡೋಸ್ ತಡೆ ಕೇಂದ್ರಕ್ಕೆ ಟೆಂಟ್ ಹಾಕಿದರು. ಜನ ಮಾದಕ ವಸ್ತು ಬಳಸುವಾಗ ಪಕ್ಕದಲ್ಲಿದ್ದು, ಡೋಸ್ ಅತಿಯಾದರೆ ಪ್ರಾಣ ಉಳಿಸುವ ಜಾಗ ಇದು. ಬ್ರಿಟಿಷ್ ಕೊಲಂಬಿಯಾದ ಆರೋಗ್ಯ ಸಚಿವರು ಇಂಥ ಕೇಂದ್ರಗಳಿಗೆ ಅವಕಾಶ ಕೊಟ್ಟ ಆದೇಶ ಬಂದದ್ದು ಡಿಸೆಂಬರ್‌ನಲ್ಲಿ. ಟೊರಾಂಟೊದ ಮಾಸ್ ಪಾರ್ಕ್‌ನಲ್ಲೂ 2017ರ ಆಗಸ್ಟ್‌ನಲ್ಲಿ ಟೆಂಟೇ ಮೊದಲು ಬಂತು. ಟೆಂಟ್ ಹಾಕಲು ನಾಲ್ಕು ಜನ ಸಾಕು. ತಿಂಗಳುಗಟ್ಟಲೆ ನಡೆಸಲು ಬೇರೆ ಸಂಘಟನೆಗಳ ಹೆಸರು, ಹಣ, ಜಾಗ ಎಲ್ಲ ಬೇಕಾಗುತ್ತದೆ. ಅದನ್ನು ಕೂಡಿಸಲು ಕೆನಡಾದಲ್ಲಿ ನಾವು ಹಿಡಿಯುವ ದಾರಿ ಇದು.

ಸಂಘಟನೆಗಳ ಪಟ್ಟಿಗಿಂತ ಮೊದಲು ಕೇಂದ್ರದ ಕೊರತೆಗಳ ಪಟ್ಟಿ ಮಾಡಿ. ನೋಂದಣಿಯಾಗದ ಗುಂಪಿಗೆ ದೇಣಿಗೆ ಪಡೆಯಲು ಸಾಮಾನ್ಯವಾಗಿ ಬ್ಯಾಂಕ್ ಖಾತೆ ಇರುವುದಿಲ್ಲ. ನೋಂದಾಯಿತ ಸಂಸ್ಥೆಯೊಂದು ಹಣ ನಿರ್ವಹಿಸಿಕೊಡಬೇಕು. ಸಮುದಾಯ ಆರೋಗ್ಯ ಕೇಂದ್ರದಿಂದ ನಲಾಕ್ಸೋನ್ (ಹೆರಾಯಿನ್, ಫೆಂಟಾನಿಲ್‌ನಂಥ ಓಪಿಯಾಯ್ಡ್‌ಗಳ ಓವರ್‌ಡೋಸ್‌ಗೆ ಮದ್ದು) ಮತ್ತು ಸೂಜಿ ಹಾಕುವ ಡಬ್ಬಿ ಸಿಗಬಹುದು, ಚರ್ಚ್‌ನಿಂದ ತರಬೇತಿಗೆ ಕೋಣೆ, ಕಾರ್ಮಿಕ ಸಂಘದಿಂದ ಹೀಟರ್ ಅಥವಾ ಟ್ರೇಲರ್‌ಗೆ ದುಡ್ಡು. ಎಲ್ಲಕ್ಕಿಂತ ಮೊದಲ ಸಹಿ ಮಾದಕ ವಸ್ತು ಬಳಸುವವರದೇ ಸಂಘಟನೆಯದಾಗಿರಲಿ. ಆ ಸಹಿ ಇಲ್ಲದ ಪತ್ರವನ್ನು ನಾವು ಯಾರ ಮುಂದೂ ಇಡುವುದಿಲ್ಲ.

ಮನವಿ ಒಂದೇ ಪುಟದ್ದು. ಅದರಲ್ಲಿ ಮೂರು ಚೌಕ: ಬಹಿರಂಗ ಪತ್ರಕ್ಕೆ ಸಹಿ, ತಮ್ಮ ಲೆಟರ್‌ಹೆಡ್‌ನಲ್ಲಿ ಆರೋಗ್ಯ ಇಲಾಖೆಗೆ ಪತ್ರ, ಇಂಥದೇ ಎಂದು ಬರೆದ ವಸ್ತು, ಹಣ ಅಥವಾ ಜಾಗ. ಕೆಳಗೆ ಕೊನೆಯ ದಿನಾಂಕ. ‘ನಿಮ್ಮ ಬೆಂಬಲವಿರಲಿ’ ಎಂದಷ್ಟೇ ಕೇಳಿದರೆ ‘ಖಂಡಿತ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಹೆಚ್ಚು ಎಡವುವುದು ಆಡಳಿತ ಮಂಡಳಿಯ ವಿಷಯದಲ್ಲಿ. ನಿರ್ದೇಶಕರು ಫೋನಿನಲ್ಲಿ ಒಪ್ಪುತ್ತಾರೆ, ಲೋಗೋ ಅಚ್ಚಾಗುತ್ತದೆ, ದೊಡ್ಡ ದಾನಿಯೊಬ್ಬರು ಆಕ್ಷೇಪಿಸುತ್ತಾರೆ, ‘ನಮ್ಮನ್ನು ಕೇಳಿಯೇ ಇಲ್ಲ’ ಎಂದು ಮಂಡಳಿ ಹೆಸರು ಹಿಂದಕ್ಕೆ ಪಡೆಯುತ್ತದೆ. ಆಮೇಲೆ ಪತ್ರಿಕೆಗಳಿಗೆ ಅದೇ ಸುದ್ದಿ. ಆದ್ದರಿಂದ ಠರಾವಿನ ಪ್ರತಿ ಕೈಗೆ ಬರುವವರೆಗೆ ಲೋಗೋ ಮುಟ್ಟಬೇಡಿ. ಮಂಡಳಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಸೇರುತ್ತದೆ, ಅಜೆಂಡಾ ಅದಕ್ಕೂ ಮುಂಚೆಯೇ ಸಿದ್ಧವಾಗಿರುತ್ತದೆ. ಕಾರ್ಯದರ್ಶಿಯಿಂದ ಆ ದಿನಾಂಕ ತಿಳಿದುಕೊಳ್ಳಿ. ಠರಾವಿನ ಕರಡು ನೀವೇ ಬರೆದುಕೊಡಿ, ಅದನ್ನು ಮಂಡಿಸುವ ಸದಸ್ಯರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಸಭೆಯಲ್ಲಿ ಹದಿನೈದು ನಿಮಿಷ ಸಿಕ್ಕರೆ, ಅರ್ಧ ಸಮಯ ಡ್ರಗ್ಸ್ ಬಳಸುವ ಸಂಗಾತಿಯೊಬ್ಬರು ಮಾತಾಡಲಿ. ಅವರಿಗೆ ಸಂಭಾವನೆ ಅದೇ ದಿನ, ಕೈಯಲ್ಲೇ ಸಂದಾಯವಾಗಬೇಕು. ಉಳಿದ ಸಮಯ ಪ್ರಾತ್ಯಕ್ಷಿಕೆಗೆ: ತುರ್ತು ಸಂಖ್ಯೆ 911ಕ್ಕೆ ಕರೆ, 4 ಮಿಲಿಗ್ರಾಂ ನಲಾಕ್ಸೋನ್ ಸ್ಪ್ರೇ ಮೂಗಿನ ಒಂದು ಹೊಳ್ಳೆಗೆ, ತಲೆ ಹಿಂದಕ್ಕೆ ಬಾಗಿಸಿ ಐದು ಸೆಕೆಂಡಿಗೊಂದು ಉಸಿರು. ಎರಡು ಮೂರು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಂದು ಡೋಸ್. ಡ್ರಗ್ಸ್‌ನಲ್ಲಿ ಬೆಂಜೊಡಯಾಜೆಪೀನ್ ಅಥವಾ ಜೈಲಜೀನ್‌ನಂಥ ಮಂಪರು ತರಿಸುವ ಔಷಧ ಬೆರೆತಿದ್ದರೆ ನಲಾಕ್ಸೋನ್ ಅವುಗಳ ಮೇಲೆ ಕೆಲಸ ಮಾಡುವುದಿಲ್ಲ. ಉಸಿರು ಸರಿಹೋದರೂ ವ್ಯಕ್ತಿ ಏಳದಿರಬಹುದು. ಆಗ ಬೇಕಾದದ್ದು ಉಸಿರಾಟದ ನೆರವು, ಆಕ್ಸಿಜನ್, ಪಕ್ಕದಲ್ಲೇ ಕೂತು ನೋಡಿಕೊಳ್ಳುವ ಮನುಷ್ಯ. ನಲಾಕ್ಸೋನ್ ಪರಿಣಾಮ 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ, ಉಸಿರು ಮತ್ತೆ ನಿಲ್ಲಬಹುದು. ಕಿಟ್ ಹಂಚಿದರೆ ಸಾಲದೆ ಕೇಂದ್ರವೇ ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಉಸಿರು ಕೊಡುವ ಮಾಸ್ಕನ್ನು ಸದಸ್ಯರ ಕೈಗೇ ಕೊಟ್ಟು ಮಾಡಿಸಿ. ‘ಇದೆಲ್ಲ ಬೇಕೇ?’ ಎನ್ನುತ್ತಿದ್ದವರು ‘ರಾತ್ರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ?’ ಎಂದು ಕೇಳತೊಡಗುತ್ತಾರೆ.

ಕಾನೂನಿನ ಪ್ರಶ್ನೆ ಬಂದೇ ಬರುತ್ತದೆ. ಮೇಲ್ವಿಚಾರಣೆಯಲ್ಲಿ ಡ್ರಗ್ಸ್ ಬಳಸುವ ವ್ಯಾಂಕೂವರ್‌ನ ಕೇಂದ್ರ ಇನ್‌ಸೈಟ್ ಮುಂದುವರಿಯಬೇಕೆಂದು ಕೆನಡಾದ ಸುಪ್ರೀಂ ಕೋರ್ಟ್ 2011ರಲ್ಲಿ ಸರ್ವಾನುಮತದಿಂದ ತೀರ್ಪು ಕೊಟ್ಟಿತು; ಇಂಥ ಕೇಂದ್ರಕ್ಕೆ ಫೆಡರಲ್ ಸರ್ಕಾರದ ವಿನಾಯಿತಿ ಬರುವುದು ಮಾದಕ ವಸ್ತು ಕಾಯ್ದೆಯ 56ನೇ ಸೆಕ್ಷನ್ ಅಡಿ. 2017ರ ಗುಡ್ ಸಮಾರಿಟನ್ ಕಾಯ್ದೆ ಓವರ್‌ಡೋಸ್ ಆದಾಗ ನೆರವಿಗೆ ಕರೆದವರನ್ನೂ ಸ್ಥಳದಲ್ಲಿದ್ದವರನ್ನೂ ಸ್ವಂತಕ್ಕೆ ಇಟ್ಟುಕೊಂಡ ಡ್ರಗ್ಸ್‌ನ ಕೇಸಿನಿಂದ ಕಾಪಾಡುತ್ತದೆ, ಆದರೆ ಅದು ಕೇಂದ್ರ ನಡೆಸಲು ಪರವಾನಗಿ ಅಲ್ಲ. ಇದನ್ನು ಮುಚ್ಚಿಡಬೇಡಿ. ಒಂಟಾರಿಯೊದಲ್ಲಂತೂ 2024ರ ಕಾಯ್ದೆ ಶಾಲೆ, ಶಿಶುಪಾಲನಾ ಕೇಂದ್ರಗಳಿಂದ 200 ಮೀಟರ್ ಒಳಗಿನ ಇಂಥ ಕೇಂದ್ರಗಳನ್ನು ಮುಚ್ಚಲು 2025ರ ಮಾರ್ಚ್ 31ರ ಗಡುವು ಹಾಕಿತು. ಪ್ರಾಂತ್ಯ ಸರ್ಕಾರದ ಅನುದಾನದಲ್ಲಿ ನಡೆಯುವ ಸಂಸ್ಥೆಯ ಭಯ ನಿಜವಾದದ್ದು, ಅದನ್ನು ಹೇಡಿತನವೆಂದು ಕರೆಯುವುದು ಅನ್ಯಾಯ. ಬಹಿರಂಗ ಸಹಿ ಆಗದವರು ಸಾಮಗ್ರಿ ಕೊಡಲಿ, ತರಬೇತಿಗೆ ಕೋಣೆ ಬಿಟ್ಟುಕೊಡಲಿ.

ವಿಮೆ, ನರ್ಸ್‌ಗಳ ವೃತ್ತಿ ಪರವಾನಗಿ: ಇವೆರಡಕ್ಕೂ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆದು ಸಭೆಗೆ ಒಯ್ಯಿರಿ, ಬಾಯಿಮಾತು ನಡೆಯುವುದಿಲ್ಲ.

ಸಹಿ ಬಿದ್ದ ಮೇಲೆ ಯಾರು ಏನು ಒಪ್ಪಿದ್ದಾರೆ, ಯಾವತ್ತಿಗೆ, ಅದು ಬಂತೇ ಎಂದು ಪುಸ್ತಕವೊಂದರಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ನೋಡುತ್ತೇವೆ. ಒಪ್ಪಿದ ಅಧಿಕಾರಿ ಕೆಲಸ ಬಿಟ್ಟರೆ ಮಾತೂ ಅವರ ಜೊತೆ ಹೋಗುತ್ತದೆ. ಅದಕ್ಕೇ ಪ್ರತಿ ಸಂಘಟನೆಯಿಂದ ಇಬ್ಬರ ಹೆಸರು ಪಡೆಯಿರಿ. ಹಣದ ಠರಾವು ವರ್ಷಕ್ಕೆ ಮಾತ್ರ ಇದ್ದರೆ, ಮುಂದಿನ ಬಜೆಟ್ ಕರಡಾಗುವ ಮೊದಲೇ ಮತ್ತೆ ಅರ್ಜಿ ಹಾಕಿ.