ಬರಾಫು ಶಿಬಿರಕ್ಕೆ ನೀರು ಹೊತ್ತವರು

ಆಫ್ರಿಕಾದ ಕಿಲಿಮಂಜಾರೋ ಬೆಟ್ಟದ ತುದಿಯಲ್ಲಿ ಹಿಡಿಯಲೆಂದು ಬ್ಯಾನರ್ ಮಾಡಿಸಲು ಹೋದಾಗಲೇ ಮೊದಲ ಎಡವಟ್ಟು. ‘ಹಿಮ ಉಳಿಸಿ, ಭೂಮಿ ಉಳಿಸಿ’ ಎಂದು ಬರೆದುಕೊಟ್ಟರೆ ಅಂಗಡಿಯವನು ಅರ್ಧ ಗಂಟೆಯಲ್ಲಿ ಫ್ಲೆಕ್ಸ್ ಮುದ್ರಿಸಿ ಸುರುಳಿ ಸುತ್ತಿ ಕೈಗಿಟ್ಟ. ಹವಾಮಾನದ ಹೆಸರಿನಲ್ಲಿ ಆರಡಿ ಪ್ಲಾಸ್ಟಿಕ್! ದುಡ್ಡು ಕೊಟ್ಟು ಅದನ್ನು ಅಲ್ಲಿಯೇ ಬಿಟ್ಟು ಬಂದೆ. ಅಮ್ಮನ ಹಳೆಯ ಹತ್ತಿ ಸೀರೆಯ ತುಂಡಿನ ಮೇಲೆ ನಾನೇ ಬಣ್ಣ ಬಳಿದೆ. ವಿಮಾನದ ವಿಷಯದಲ್ಲಿ ಅಂಥ ಉಪಾಯ ಹೊಳೆಯಲಿಲ್ಲ. ಬೆಂಗಳೂರಿನಿಂದ ಟಾಂಜಾನಿಯಾಕ್ಕೆ ಹೋಗಿ ಬರಲು ನನ್ನೊಬ್ಬನ ಪಾಲಿಗೇ ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡ್. ಜೊತೆಗೆ ಹತ್ತಲು ಬಂದ ಉಳಿದ ಐವರದ್ದೂ ಅಷ್ಟಷ್ಟೇ.

ತಯಾರಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಾನು ಚಿಕ್ಕಮಗಳೂರಿನವನು, ನಾಲ್ಕು ತಿಂಗಳು ಪ್ರತಿ ಭಾನುವಾರ ಹತ್ತು ಕಿಲೋ ಹೊತ್ತು ಮುಳ್ಳಯ್ಯನಗಿರಿ ಹತ್ತಿದೆ. ಕರ್ನಾಟಕದ ಆ ಅತಿ ಎತ್ತರದ ಶಿಖರ 1,930 ಮೀಟರ್. ಕಿಲಿಮಂಜಾರೋದ ಮಚಾಮೆ ದ್ವಾರ, ಅಂದರೆ ನಾವು ನಡೆಯಲು ಆರಂಭಿಸಿದ ಜಾಗವೇ, ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ಅಲ್ಲಿಂದ 5,895 ಮೀಟರಿನ ಉಹುರು ಶಿಖರದವರೆಗೂ ಮಾರ್ಗದರ್ಶಿಯ ಬಾಯಲ್ಲಿ ಒಂದೇ ಮಂತ್ರ: ‘ಪೋಲೆ ಪೋಲೆ’. ನಿಧಾನ, ನಿಧಾನ.

ದ್ವಾರಕ್ಕೆ ಹೋಗುವ ದಾರಿಯಲ್ಲಿ, ಬೆಟ್ಟದ ಬುಡದಲ್ಲಿ ನೆಲೆಸಿರುವ ಚಗ್ಗಾ ಜನರ ತೋಟಗಳು. ಬಾಳೆಯ ನೆರಳಿನಲ್ಲಿ ಕಾಫಿ, ಪಕ್ಕದಲ್ಲಿ ತಿಳಿನೀರಿನ ಕಾಲುವೆ. ಸಕಲೇಶಪುರದ ಕಡೆ ಎಲ್ಲೋ ಬಸ್ಸಿನಿಂದ ಇಳಿದಂತೆ ಅನ್ನಿಸಿತು. ಆಮೇಲೆ ಪಾಚಿ ಜೋತುಬಿದ್ದ ಮಂಜಿನ ಕಾಡು. ಅದು ಮುಗಿದ ಮೇಲೆ ಕುರುಚಲು. ಕೆಲವು ಕಡೆ ಕರಕಲಾದ ಬುಡಗಳು ಮಾತ್ರ ನಿಂತಿದ್ದವು. ಅವುಗಳ ಫೋಟೊ ಒಂದನ್ನೂ ನಾನು ತೆಗೆಯಲಿಲ್ಲ. ನಾನು ಬಂದದ್ದು ಹಿಮಕ್ಕಾಗಿ.

ಕೊನೆಯ ಶಿಬಿರದ ಹೆಸರು ಬರಾಫು. ಸ್ವಾಹಿಲಿಯಲ್ಲಿ ಮಂಜುಗಡ್ಡೆ, ಹಿಂದಿಯ ಬರ್ಫ್‌ನ ನೆಂಟನೇ. ಅಲ್ಲಿ ಮಂಜುಗಡ್ಡೆ ಇರಲಿ, ಕುಡಿಯಲು ತೊಟ್ಟು ನೀರೂ ಇಲ್ಲ. ಕೆಳಗಿನ ಕರಂಗ ಕಣಿವೆಯಲ್ಲಿ ಪೋರ್ಟರುಗಳು ಡಬ್ಬ ತುಂಬಿಕೊಂಡು, ತಲೆಯ ಮೇಲೆ ಚಿಂದಿ ಬಟ್ಟೆಯ ಸಿಂಬಿ ಇಟ್ಟು, ಕತ್ತು ಅಲುಗಿಸದೆ 4,600 ಮೀಟರಿನವರೆಗೆ ಹೊತ್ತು ತಂದರು. ಡಬ್ಬದ ಮುಚ್ಚಳದಿಂದ ಒಸರಿದ ನೀರು ಒಬ್ಬನ ಕಿವಿಯ ಹಿಂದೆ ಇಳಿದು ಕಾಲರಿನಲ್ಲಿ ಗೆರೆ ಕಟ್ಟಿತ್ತು. ಆ ನೀರಿನಲ್ಲಿ ನಾನು ಚಹಾ ಕುಡಿದೆ, ಮುಖವನ್ನೂ ತೊಳೆದೆ. ಮುಖ ತೊಳೆದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

‘ಹಿಮ ಹೋಗಿದ್ದರಿಂದ ನಿಮ್ಮ ಊರಿಗೆ ನೀರಿಲ್ಲವಾಯಿತೇ?’ ಎಂದು ಮೊಬೈಲ್ ಕ್ಯಾಮೆರಾ ಹಿಡಿದು ಮಾರ್ಗದರ್ಶಿಯನ್ನು ಕೇಳಿದೆ. ಹೌದೆನ್ನಲಿ ಎಂಬ ಆಸೆ, ವಿಡಿಯೊಗೆ ಚೆನ್ನಾಗಿರುತ್ತಿತ್ತು. ಆತ ನಕ್ಕು, ಕೆಳಗೆ ಮೋಡ ಕವಿದಿದ್ದ ಕಾಡಿನತ್ತ ಬೆರಳು ತೋರಿಸಿದ: ‘ನೀರು ಬರುವುದು ಅಲ್ಲಿಂದ.’

ಊರಿಗೆ ಬಂದು ಓದಿದಾಗ ಅವನ ಮಾತು ಅಕ್ಷರಶಃ ನಿಜ ಎಂದು ತಿಳಿಯಿತು. 1912ರಲ್ಲಿ ಈ ಬೆಟ್ಟದ ಮೇಲೆ ಸುಮಾರು 12 ಚದರ ಕಿಲೋಮೀಟರ್ ಹಿಮವಿತ್ತು; 2007ರ ವೇಳೆಗೆ ಅದರಲ್ಲಿ ನೂರಕ್ಕೆ 85 ಭಾಗ ಹೋಗಿತ್ತು. ಆದರೆ ತುದಿಯ ಕೊರೆಯುವ ಒಣಹವೆಯಲ್ಲಿ ಬಹುಪಾಲು ಹಿಮ ಕರಗಿ ಹರಿಯುವುದಿಲ್ಲ, ನೇರವಾಗಿ ಆವಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಹವೆ ಒಣಗಿ ಹಿಮಪಾತ ಕುಗ್ಗಿದೆ. ಅಲ್ಲಿನ ಊರುಗಳ ಕಾಲುವೆಗಳಿಗೆ ಹಿಮದ ಪಾಲು ತೀರಾ ಕಡಿಮೆ. ಮಂಜನ್ನು ಸೋಸಿ, ಮಳೆಯನ್ನು ಹಿಡಿದಿಟ್ಟು ನೀರಾಗಿಸುವುದು ಕಾಡು. ಅದೇ ಒಣಹವೆಗೆ ಹತ್ತಿದ ಬೆಂಕಿ ದಶಕಗಳಿಂದ ಕಾಡಿನ ಮೇಲಂಚನ್ನು ಕೆಳಕ್ಕೆ ತಳ್ಳುತ್ತಿದೆ. 2020ರ ಅಕ್ಟೋಬರ್‌ನಲ್ಲಿ ಬೆಟ್ಟ ಹೊತ್ತಿತು, 2022ರ ಅಕ್ಟೋಬರ್‌ನಲ್ಲಿ ಮತ್ತೆ. ನಾನು ಫೋಟೊ ತೆಗೆಯದೆ ದಾಟಿ ಬಂದ ಕರಕಲು ಬುಡಗಳಲ್ಲೇ ವಿಷಯವಿತ್ತು.

ಶಿಖರದ ಕಥೆಯನ್ನು ಬೇಗ ಮುಗಿಸುತ್ತೇನೆ. ಮಧ್ಯರಾತ್ರಿ ಹೊರಟೆವು, ಇಬ್ಬರು ವಾಂತಿ ಮಾಡಿಕೊಂಡು ಹಿಂದಿರುಗಿದರು. ಬೆಟ್ಟದ ಬಾಯಂಚಿನ ಸ್ಟೆಲ್ಲಾ ಪಾಯಿಂಟ್ ದಾಟಿದಾಗ ಸೂರ್ಯ ಹುಟ್ಟಿದ. ಎಡಕ್ಕೆ ರೆಬ್‌ಮನ್ ಹಿಮನದಿ, ಚಾಕುವಿನಲ್ಲಿ ಕುಯ್ದ ಹಾಗೆ ನೆಟ್ಟಗಿನ ಗೋಡೆ. ಅದರ ಬುಡದ ಮರಳು ಒಣಗಿತ್ತು. ಬ್ಯಾನರಿನ ಗಂಟು ಮರಗಟ್ಟಿದ ಬೆರಳಿಗೆ ಬಿಚ್ಚದೆ ಹಲ್ಲಿನಿಂದ ಎಳೆದೆ. ಗಾಳಿಗೆ ಹಾರದಂತೆ ನಾಲ್ವರೂ ಬಿಗಿಯಾಗಿ ಹಿಡಿದು ನಿಂತೆವು. ಹೋಟೆಲಿಗೆ ಬಂದು ನೋಡಿದರೆ, ಫೋಟೊದಲ್ಲಿ ‘ಹಿಮ ಉಳಿಸಿ’ ಎಂಬ ಬಟ್ಟೆ ಹಿಂದಿನ ಹಿಮವನ್ನು ಪೂರ್ತಿ ಮುಚ್ಚಿತ್ತು.

ಶಾಲೆಗಳಿಗೆ ಹೋದಾಗ ಅದೇ ಫೋಟೊ ತೋರಿಸುತ್ತೇನೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ನಮ್ಮ ಮುಳ್ಳಯ್ಯನಗಿರಿಯ ಶೋಲಾ ಕಾಡು, ಅದರ ಬುಡದಲ್ಲಿ ಬೇಸಿಗೆಯಲ್ಲೂ ಆರದ ಒರತೆ, ಮಾರ್ಚಿನಲ್ಲಿ ಹುಲ್ಲುಗಾವಲಿಗೆ ಬೀಳುವ ಬೆಂಕಿ: ಇಷ್ಟೇ ಮಾತು. ಹಿಮದ ಹಂಗಿಲ್ಲದೆ ಅವರಿಗೆ ಎಲ್ಲವೂ ಅರ್ಥವಾಗುತ್ತದೆ. ಈ ಸಲ ಜನವರಿಯಲ್ಲಿ, ಬೆಂಕಿ ಹರಡದಂತೆ ಹುಲ್ಲು ಕಡಿದು ಬೆಂಕಿರೇಖೆ ಸವರುವವರ ಜೊತೆ ನಾನೂ ಕತ್ತಿ ಹಿಡಿದು ಹೋದೆ. ಮೂರೇ ದಿನದ ಕೆಲಸ. ಕಿಲಿಮಂಜಾರೋ ಹತ್ತಿದಾಗಲೂ ಬೆನ್ನು ಅಷ್ಟು ನೋಯ್ದಿರಲಿಲ್ಲ.