ಬ್ರೋಕರ್‌ಗೆ ಆಧಾರ್ ಕಳಿಸುವ ಮುಂಚೆ

ಮುಂಬೈಗೆ ಬಂದಿಳಿದ ಮೊದಲ ವಾರವೆಲ್ಲ ಮನೆ ಹುಡುಕುವುದರಲ್ಲೇ ಹೋಗುತ್ತದೆ. ಡೊಂಬಿವಲಿಯಲ್ಲಿ ಇಬ್ಬರು ಬ್ರೋಕರ್, ಘಾಟ್ಕೋಪರ್‌ನಲ್ಲಿ ಒಬ್ಬ, ಠಾಣೆಯಲ್ಲಿ ಇನ್ನೊಬ್ಬ. ಎಲ್ಲರದ್ದೂ ಒಂದೇ ಮಾತು: ‘ಆಧಾರ್, ಪ್ಯಾನ್ ವಾಟ್ಸಾಪ್ ಮಾಡಿ.’ 2018ರಲ್ಲಿ ನಾನೂ ಸುಮ್ನೆ ಕಳಿಸಿದ್ದೆ. ಮನೆ ಸಿಕ್ಕಿದ್ದು ಒಂದು ಕಡೆ, ಕಾಗದ ಉಳಿದದ್ದು ನಾಲ್ಕು ಕಡೆ. ಆಮೇಲೊಮ್ಮೆ ಬೈಕ್ ಸಾಲಕ್ಕೆ ಹೋದಾಗ ಗೊತ್ತಾಯಿತು, ನನ್ನ ಪ್ಯಾನ್ ಮೇಲೆ ಯಾರೋ ಯಾವುದೋ ಆ್ಯಪ್‌ನಲ್ಲಿ 18,000 ರೂಪಾಯಿ ಸಾಲ ಎತ್ತಿದ್ದಾರೆ ಅಂತ. ಅದನ್ನು ನನ್ನ ಹೆಸರಿನಿಂದ ತೆಗೆಸಲು ಐದು ತಿಂಗಳು ಓಡಾಡಿದೆ.

ಅದಕ್ಕೇ ಹೇಳುತ್ತೇನೆ, ಮನೆ ನೋಡುವಾಗ ಏನೂ ಕೊಡಬೇಡಿ. ಟೋಕನ್, ಅಂದರೆ ಮುಂಗಡ, ಕೊಡುವ ಹಂತಕ್ಕೆ ಬಂದ ಮೇಲೆ ನೋಡೋಣ. ಆಗಲೂ ಮಾಸ್ಕ್ಡ್ ಆಧಾರ್ ಸಾಕಾ ಅಂತ ಮೊದಲು ಕೇಳಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವೆಬ್‌ಸೈಟ್‌ನಲ್ಲೇ ಸಿಗುತ್ತದೆ, 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ. ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಪೂರ್ತಿ ಆಧಾರ್ ಕಳಿಸಬೇಡಿ. ಆ ಪಾಸ್‌ವರ್ಡ್ ಅಂದರೆ ನಿಮ್ಮ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಅದನ್ನು ಊಹಿಸುವುದು ಏನು ಮಹಾ, ಅಲ್ವಾ?

ಝೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಪೆನ್ನಿನಲ್ಲಿ ಅಡ್ಡಡ್ಡ ಬರೆಯಿರಿ: ಯಾರಿಗೆ, ಯಾಕೆ, ಯಾವ ತಾರೀಖು. ಮೂಲೆಯಲ್ಲಿ ಬರೆದರೆ ಕತ್ತರಿಸಿ ಬಿಸಾಕಬಹುದು. ಫೋಟೋದ ಅಂಚಿಗೆ ತಾಗುವ ಹಾಗೆ ಬರೆಯಬೇಕು. ನಾನು ಮರಾಠಿಯಲ್ಲೇ ಬರೆಯುತ್ತೇನೆ, ‘ಫಕ್ತ್ ಭಾಡೇಕರಾರಾಸಾಠೀ’. ಬಾಡಿಗೆ ಕರಾರಿಗೆ ಮಾತ್ರ ಅಂತ. ನಮ್ಮ ಸೊಸೈಟಿ ಸೆಕ್ರೆಟರಿ ಮುಖ ಸಿಂಡರಿಸಿದರು, ಆದರೆ ತೆಗೆದುಕೊಂಡರು.

ಆಧಾರ್‌ನಲ್ಲಿ ಬೆರಳಚ್ಚು ಲಾಕ್ ಮಾಡಿಡಿ. ಆಧಾರ್ ಜೋಡಿಸಿದ ಖಾತೆಯಿಂದ ಬರೀ ಬೆರಳಚ್ಚಿನಲ್ಲೇ ದುಡ್ಡು ತೆಗೆಯಬಹುದು, ಓಟಿಪಿ ಬೇಕಿಲ್ಲ. ನಕಲಿ ಬೆರಳಚ್ಚು ಮಾಡಿ ಕದ್ದವರೂ ಇದ್ದಾರೆ. ಒಂದೇ ಪೀಕಲಾಟ: ಇಲ್ಲಿ ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ ಕರಾರು) ನೋಂದಣಿಗೆ ಏಜೆಂಟ್ ಹೆಬ್ಬೆಟ್ಟಿನ ಮಷಿನ್ ಹಿಡಿದು ಮನೆಗೇ ಬರುತ್ತಾನೆ. ಲಾಕ್ ಇದ್ದರೆ ಮಷಿನ್ ಒಪ್ಪುವುದಿಲ್ಲ. ಅವನು ಬೆಲ್ ಒತ್ತಿದ ಮೇಲೆ ಲಾಕ್ ತೆಗೆಯಿರಿ, ಮೆಟ್ಟಿಲಿಳಿದ ಮೇಲೆ ಮತ್ತೆ ಹಾಕಿ.

ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಿ. ನಿಮ್ಮ ಹೆಸರಲ್ಲಿರುವ ಸಾಲಗಳ ಲೆಕ್ಕ ತೋರಿಸುವ ಕ್ರೆಡಿಟ್ ರಿಪೋರ್ಟ್ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಸಿಬಿಲ್ ಒಂದರಿಂದಲೇ ಅಲ್ಲ, ಈ ರಿಪೋರ್ಟ್ ಕೊಡುವ ನಾಲ್ಕೂ ಕಂಪನಿಗಳಿಂದ. ನಾನು ಮೂರು ತಿಂಗಳಿಗೊಂದರಂತೆ ತೆಗೆಸುತ್ತೇನೆ, ವರ್ಷ ಪೂರ್ತಿ ಕಣ್ಣಿಟ್ಟ ಹಾಗಾಗುತ್ತದೆ.

ಖಾತೆಯಿಂದ ದುಡ್ಡು ಹೋಯಿತೋ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದರೆ ಅದು ಕೈದಾಟುವ ಮುಂಚೆ ತಡೆಯಬಹುದು. ಊರಿನಲ್ಲಿರುವ ಅಮ್ಮನಿಗೆ ಆಮೇಲೆ ಹೇಳಿದರಾಯಿತು.