ಮುಕ್ಕಾಲು ಇಂಚಿನ ಮಾಸ್ಟರ್ ಸಿಲಿಂಡರ್

ಬ್ರೇಕ್ ಪೆಡಲ್ ಗಟ್ಟಿಯಾಗಿದ್ದರೆ ಬ್ರೇಕ್ ಚೆನ್ನಾಗಿದೆ ಎಂಬ ನಂಬಿಕೆ ನಮ್ಮ ಮಂಗಳೂರಿನ ಗ್ಯಾರೇಜುಗಳಲ್ಲಿ ಬೇರುಬಿಟ್ಟಿದೆ. ನನ್ನ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿ ಮಿಡ್ಜೆಟ್‌ನ ಪೆಡಲ್ ಒತ್ತಿ ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅವರಲ್ಲಿ ಯಾರೂ ಆ ಕಾರನ್ನು ಲೈಟ್‌ಹೌಸ್ ಹಿಲ್ಲಿನಿಂದ ಹಂಪನಕಟ್ಟೆಯ ಕಡೆಗೆ ಇಳಿಸಿದವರಲ್ಲ. ಎರಡೂ ಕಾಲು ಕೊಟ್ಟು ತುಳಿಯಬೇಕು ಅನ್ನಿಸುವಂಥ ಬ್ರೇಕ್ ಅದು.

ಕಾರು 1961ರಲ್ಲಿ ಬಂದ ಮೊದಲ ಮಾದರಿ. ನಾಲ್ಕೂ ಚಕ್ರಗಳಿಗೆ 7 ಇಂಚಿನ ಡ್ರಮ್, ಅಂದರೆ ಒಳಗಿನಿಂದ ಶೂ ಒತ್ತಿ ಹಿಡಿಯುವ ಬ್ರೇಕ್. 1962ರ ಕೊನೆಗೆ 1098 ಸಿಸಿ ಎಂಜಿನ್ ಬಂದಾಗ ಕಂಪನಿ ಮುಂದಿನ ಚಕ್ರಗಳಿಗೆ 8¼ ಇಂಚಿನ ಡಿಸ್ಕ್, ಅಂದರೆ ಎರಡೂ ಬದಿಯಿಂದ ಪ್ಯಾಡ್ ಅದುಮುವ ತಟ್ಟೆ, ಕೊಟ್ಟಿತು. ನನಗಿಂತ ಮೊದಲಿದ್ದ ಮಾಲೀಕರು ಆ ಡಿಸ್ಕುಗಳನ್ನೇ ತರಿಸಿ ಈ ಕಾರಿಗೆ ಕೂರಿಸಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಪೆಡಲಿನ ಒತ್ತನ್ನು ಆಯಿಲಿನ ಒತ್ತಡವಾಗಿಸಿ ಚಕ್ರಗಳಿಗೆ ಕಳುಹಿಸುವ ಮಾಸ್ಟರ್ ಸಿಲಿಂಡರ್ ಮಾತ್ರ ಡ್ರಮ್ ಕಾಲದ್ದೇ ಉಳಿದಿತ್ತು; ಅದರ ಬೋರು, ಅಂದರೆ ಒಳವ್ಯಾಸ, 7/8 ಇಂಚು. ಕಂಪನಿ ಡಿಸ್ಕ್ ಹಾಕಿದಾಗ ಅದನ್ನು ಮುಕ್ಕಾಲು ಇಂಚಿಗೆ ಇಳಿಸಿತ್ತು.

ಹಾಗೆ ಇಳಿಸಿದ್ದಕ್ಕೆ ಕಾರಣವಿದೆ. ಡ್ರಮ್ಮಿನೊಳಗಿನ ಮುಂದಾಳು ಶೂ ಒಮ್ಮೆ ತಾಗಿತೆಂದರೆ ಚಕ್ರ ತಿರುಗುವ ರಭಸವೇ ಅದನ್ನು ಎಳೆದು ಇನ್ನಷ್ಟು ಒತ್ತುತ್ತದೆ. ಈ ಕಾರಿನ ಮುಂದಿನ ಡ್ರಮ್ಮುಗಳಲ್ಲಿ ಎರಡೂ ಶೂಗಳು ಅಂಥವೇ ಆಗಿದ್ದವು. ಡಿಸ್ಕಿಗೆ ಆ ಪುಕ್ಕಟೆ ಸಹಾಯ ಇಲ್ಲ. ಪ್ಯಾಡ್ ಎಷ್ಟು ಒತ್ತುತ್ತದೆ ಎಂಬುದು ಪೂರ್ತಿ ಆಯಿಲಿನ ಒತ್ತಡದ ಮೇಲೆ ನಿಂತಿದೆ. ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಇಲ್ಲದ ಕಾರಿನಲ್ಲಿ ಆ ಒತ್ತಡ ಬರಬೇಕಾದದ್ದು ಕಾಲಿನಿಂದಲೇ.

ಬಿಡಿಭಾಗದ ಅಂಗಡಿಯವರು ಕೊಟ್ಟ ಸಲಹೆ ಇದಕ್ಕೆ ತದ್ವಿರುದ್ಧವಾಗಿತ್ತು. "ಇದು ಸಣ್ಣದು ಮಾರಾಯರೇ, ಒಂದು ಇಂಚಿನದು ಹಾಕಿಬಿಡಿ, ಬ್ರೇಕ್ ಹಿಡಿಯುತ್ತದೋ ಇಲ್ಲವೋ ಆಮೇಲೆ ಹೇಳಿ" ಎಂದರು. ಸಣ್ಣ ಸಿರಿಂಜಿನಲ್ಲಿ ಮದ್ದು ನೂಕುವುದು ಸುಲಭ, ದಪ್ಪ ಸಿರಿಂಜಿನಲ್ಲಿ ಹೆಬ್ಬೆರಳು ನೋಯುತ್ತದೆ ಎಂದು ನಾನು ವಾದಿಸಿ ನೋಡಿದೆ. ಅವರು ನಕ್ಕರು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ.

ಕಾಲಿನ ಬಲ 30 ಕೆಜಿ, ಪೆಡಲಿನ ಅನುಪಾತ 5ಕ್ಕೆ 1 ಎಂದು ಇಟ್ಟುಕೊಳ್ಳೋಣ. ಸಿಲಿಂಡರಿನೊಳಗಿನ ಪಿಸ್ಟನ್ನಿನ ಮೇಲೆ ಬೀಳುವುದು 150 ಕೆಜಿ. 7/8 ಇಂಚಿನ ಬೋರಿನ ವಿಸ್ತೀರ್ಣ 3.88 ಚದರ ಸೆಂಟಿಮೀಟರ್. ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 39 ಕೆಜಿ. ಮುಕ್ಕಾಲು ಇಂಚಿನದು 2.85, ಒತ್ತಡ 52ರ ಮೇಲೆ. ಅದೇ ಕಾಲು, ಮೂರನೆಯ ಒಂದು ಪಾಲಿಗಿಂತ ಹೆಚ್ಚು ಲಾಭ. ಅಂಗಡಿಯವರ ಒಂದು ಇಂಚು ಹಾಕಿದ್ದರೆ 30ಕ್ಕೆ ಇಳಿಯುತ್ತಿತ್ತು. ಪೆಡಲ್ ಇನ್ನೂ ಗಟ್ಟಿಯಾಗಿ, ನೋಡುವವರಿಗೆ ಇನ್ನೂ ಸಂತೋಷವಾಗುತ್ತಿತ್ತು.

ಹಾಗಾದರೆ 5/8 ಇಂಚಿಗೇ ಇಳಿಸಬಹುದಲ್ಲ? ಒತ್ತಡ 75 ದಾಟುತ್ತದೆ, ಲೆಕ್ಕ ಚಂದ ಕಾಣುತ್ತದೆ. ಆದರೆ ಪಿಸ್ಟನ್ 10 ಮಿಲಿಮೀಟರ್ ಸರಿದಾಗ ಮುಕ್ಕಾಲು ಇಂಚಿನದು 2.85 ಸಿಸಿ ಆಯಿಲ್ ನೂಕಿದರೆ, ಇದು ನೂಕುವುದು 2 ಸಿಸಿಗೂ ಕಡಿಮೆ. ಹಿಂದಿನ ಶೂ ಸ್ವಲ್ಪ ಸವೆದರೂ ಪೆಡಲ್ ನೆಲ ಮುಟ್ಟಬಹುದು. ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಸರ್ಕ್ಯೂಟ್ ಇರುವ ಕಾರಿನಲ್ಲಿ ಪೆಡಲ್ ನೆಲ ಮುಟ್ಟಿತೆಂದರೆ ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಮುಕ್ಕಾಲು ಇಂಚಿಗೇ ನಿಂತೆ.

ಸಿಕ್ಕಿದ್ದು ಒಂದು ಹಳೆಯ ಮುಕ್ಕಾಲು ಇಂಚಿನ ಬಾಡಿ, ಒಳಗೆಲ್ಲ ತುಕ್ಕಿನ ಗುಳಿ. ಬೈಕಂಪಾಡಿಯ ಲೇತ್ ವರ್ಕ್‌ಶಾಪ್ ಒಂದರಲ್ಲಿ ಬೋರನ್ನು ಕೊರೆಸಿ, ಹಿತ್ತಾಳೆಯ ಸ್ಲೀವ್ (ಒಳಕೊಳವೆ) ಕೂರಿಸಿ, ಮತ್ತೆ ಅದೇ ಅಳತೆಗೆ ಉಜ್ಜಿ ನುಣುಪು ಮಾಡಿಸಿದೆ. ಇಡೀ ಕೆಲಸದ ಜೀವ ಇರುವುದು ಟ್ಯಾಂಕಿನಿಂದ ಬೋರಿಗೆ ಇಳಿಯುವ ಸೂಜಿಮೊನೆಯಷ್ಟು ಸಣ್ಣ ತೂತಿನಲ್ಲಿ. ಪೆಡಲ್ ಬಿಟ್ಟಾಗ ಆಯಿಲ್ ಹಿಂದಕ್ಕೆ ಹೋಗುವುದು ಅದರ ಮೂಲಕ. ಸ್ಲೀವಿನಲ್ಲಿ ಅದನ್ನು ಹೊಸದಾಗಿ ಕೊರೆಯಬೇಕು, ಒಳಬದಿಯಲ್ಲಿ ಏಳುವ ಲೋಹದ ಮುಳ್ಳನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಮುಳ್ಳು ಉಳಿದರೆ ರಬ್ಬರ್ ಸೀಲಿನ ಅಂಚು ಪ್ರತಿ ಸಲವೂ ಅದಕ್ಕೆ ಸವರಿ ಸೀಳುತ್ತದೆ. ಲೇತಿನವರು ಹತ್ತಿ ಸುತ್ತಿದ ಕಡ್ಡಿಯನ್ನು ಒಳಗೆ ಎಳೆದಾಡಿ ತೋರಿಸಿದರು. ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಕೂರಿಸುವಾಗ ಪೆಡಲಿನಿಂದ ಪಿಸ್ಟನ್ನನ್ನು ತಳ್ಳುವ ಪುಷ್ ರಾಡಿಗೆ ಕೂದಲೆಳೆಯಷ್ಟಾದರೂ ಸಡಿಲ ಬಿಡಲೇಬೇಕು. ಬಿಗಿ ಮಾಡಿದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಾರದೆ ಆ ತೂತು ಮುಚ್ಚಿಯೇ ಇರುತ್ತದೆ, ಆಯಿಲ್ ಬಿಸಿಯಾಗಿ ಹಿಗ್ಗಿದಂತೆ ಬ್ರೇಕ್ ತಾನಾಗಿ ಹಿಡಿಯುತ್ತ ಹೋಗುತ್ತದೆ. ಬ್ರೇಕಿನ ಪೈಪುಗಳಿಂದ ಗಾಳಿ ತೆಗೆಯುವ ಮೊದಲು ಹಿಂದಿನ ಶೂಗಳನ್ನು ಚೌಕ ತಲೆಯ ಅಡ್ಜಸ್ಟರಿನಿಂದ ಹತ್ತಿರ ತಂದೆ. ಅದನ್ನು ಬಿಟ್ಟು ಪೆಡಲ್ ಉದ್ದವಾಯಿತೆಂದು ಸಿಲಿಂಡರನ್ನು ದೂರುವುದು ಅನ್ಯಾಯ. ಆಯಿಲ್ ಡಾಟ್ 4 ದರ್ಜೆಯದು. ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ, ನೀರು ಹೀರಿಕೊಂಡ ಮೇಲೆ 155ರವರೆಗೂ ಇಳಿಯಬಹುದು. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿಗೇನು ಬರವಿಲ್ಲ, ಹಾಗಾಗಿ ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುತ್ತೇನೆ.

ಭಾನುವಾರ ನಸುಕಿನಲ್ಲಿ ಪಣಂಬೂರಿನ ಕಡೆ ಖಾಲಿ ರಸ್ತೆಯಲ್ಲಿ ನೋಡಿದೆ. ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತದೆ, ಮೆತ್ತಗೂ ಅನ್ನಿಸುತ್ತದೆ. ಆದರೆ ಸುಮಾರು 700 ಕೆಜಿಯ ಕಾರು ಹೇಳಿದಲ್ಲಿ ನಿಲ್ಲುತ್ತದೆ. ಮರಳಿ ಬಂದು ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ ಕೈಯಿಂದ ತಿರುಗಿಸಿದೆ, ಸಲೀಸಾಗಿ ತಿರುಗಿದವು.

ಈ ಕಾರಿನಲ್ಲಿ ಬ್ರೇಕ್ ಮತ್ತು ಕ್ಲಚ್ಚಿನ ಸಿಲಿಂಡರುಗಳು ಒಂದೇ ಎರಕದಲ್ಲಿ ಅಕ್ಕಪಕ್ಕ ಇವೆ. ಹಾಗಾಗಿ ಕ್ಲಚ್ಚಿನ ಬೋರೂ ಸಣ್ಣದಾಯಿತು, ಆಯಿಲಿನ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರ್ ಸರಿಯುವ ದೂರವೂ ಕಡಿಮೆಯಾಯಿತು. ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಗೇರ್ ಕಿರುಗುಟ್ಟತೊಡಗಿದ್ದರಿಂದ ಕ್ಲಚ್ ಪೆಡಲಿನ ಪಿನ್ ತೆಗೆದು ನೋಡಿದೆ. ಸವೆದು ಅಂಡಾಕಾರವಾಗಿ, ಪೆಡಲಿನ ಒಂದಿಷ್ಟು ಚಲನೆಯನ್ನು ನುಂಗುತ್ತಿದ್ದ ತೂತಿಗೆ ಬುಷ್ ಹಾಕಿಸಿದ ಮೇಲೆ ಗೇರ್ ಸದ್ದಿಲ್ಲದೆ ಬೀಳುತ್ತಿದೆ.